ಡಿ ಡ್ರೈವಿನಲ್ಲಿ ಉಳಿದ ಹನ್ನೊಂದು ಹಾಡು

ಹುಲಿಕೆರೆಯ ಅವ್ವನ ಹನ್ನೊಂದು ಹಾಡು ಕಳೆದವನು ನಾನೇ. ಕಂಪನಿಯವರನ್ನು ಬೈದುಕೊಂಡು ಬಹಳ ದಿನ ತಿರುಗಿದೆ. ಬೈಯುವುದಕ್ಕೆ ಕಾರಣ ಬೇಕಾದಷ್ಟಿತ್ತು, ಇಲ್ಲ ಅನ್ನುವುದಿಲ್ಲ. ಆದರೆ ಆವತ್ತು ಕೀಬೋರ್ಡಿನ ಮೇಲೆ ಇದ್ದದ್ದು ನನ್ನ ಬೆರಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಕೊನೆಗೆ ಹೇಳೋಣ ಅಂತ ಇಟ್ಟುಕೊಂಡರೆ ಬಾಯಿ ಬರುವುದಿಲ್ಲ.

ಬೇಲೂರು ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ನನ್ನ ರೆಕಾರ್ಡಿಂಗ್ ಅಂಗಡಿ ಇತ್ತು. ಜನ ಖಾಲಿ ಕ್ಯಾಸೆಟ್ಟಿನ ಜೊತೆ ಬೇಕಾದ ಹಾಡುಗಳ ಚೀಟಿ ಕೊಟ್ಟು ಹೋಗೋರು. ನಾನು ಸಂಜೆಗೆ ಹಾಡು ತುಂಬಿಸಿ, ಒಳಗಿನ ಕಾರ್ಡಿನ ಮೇಲೆ ಹೆಸರುಗಳನ್ನು ದುಂಡಗೆ ಬರೆದು ಕೊಡುತ್ತಿದ್ದೆ. ಆ ಕೆಲಸ ಸೊರಗುತ್ತಾ ಬಂದಾಗ ಒಂದು ಕಂಪ್ಯೂಟರ್ ತಂದಿಟ್ಟು, ಬೆಂಗಳೂರಿನ ಒಂದು ಕಂಪನಿಯ ಏಜೆನ್ಸಿ ಹಿಡಿದೆ. ಇಂಟರ್ನೆಟ್ಟಿನಿಂದ ಹಾಡು ಇಳಿಸಿಕೊಡುವ ಕಂಪನಿ. ಚಂದಾ ಕಟ್ಟಿದರೆ ಎಷ್ಟು ಹಾಡು ಬೇಕಾದರೂ ಇಳಿಸಿಕೊಂಡು, ಬೆಂಕಿಪೊಟ್ಟಣದಷ್ಟು ಪ್ಲೇಯರಿಗೆ ತುಂಬಿಸಿ, ಜೇಬಿನಲ್ಲಿಟ್ಟುಕೊಂಡು ಓಡಾಡಬಹುದು. ಎರಡು ಸಾವಿರದ ಐದಾರರ ಸುಮಾರಿನಲ್ಲಿ ಅದು ನಮ್ಮ ಕಡೆ ದೊಡ್ಡ ಸೋಜಿಗ.

ಆದರೆ ಪ್ರತಿ ಹಾಡಿಗೂ ಒಂದು ಬೀಗ. ಹಾಡು ನಿಮ್ಮ ಪ್ಲೇಯರಿನಲ್ಲೇ ಇರುತ್ತದೆ, ಅದರ ಬೀಗದ ಕೈ, ಅಂದರೆ ಲೈಸೆನ್ಸು, ಮೂವತ್ತು ದಿನಕ್ಕೆ ಮುಗಿಯುತ್ತದೆ. ಪ್ರತಿ ತಿಂಗಳು ಇಂಟರ್ನೆಟ್ ಇರುವ ಕಂಪ್ಯೂಟರಿಗೆ ಚುಚ್ಚಿ, ಕಂಪನಿಯ ಸರ್ವರಿನಿಂದ ಹೊಸ ಲೈಸೆನ್ಸು ಪಡೆಯಬೇಕು. ಇಲ್ಲದಿದ್ದರೆ ಮೂವತ್ತೊಂದನೇ ದಿನ ಪ್ಲೇಯರ್ ಮೂಗ. ಆಗ ಮನೆಯಲ್ಲಿ ಇಂಟರ್ನೆಟ್ ಇದ್ದವರು ಎಷ್ಟು ಮಂದಿ? ಹಾಗಾಗಿ ತಿಂಗಳ ಮೊದಲ ವಾರ ನನ್ನ ಅಂಗಡಿ ಮುಂದೆ ರೇಷನ್ ಅಂಗಡಿಯ ಹಾಗೆ ಸಾಲು. ಹಳೇಬೀಡಿನವರು ತಾವೇ ಬರೋರು. ಅರಸೀಕೆರೆಯವರು ಪ್ಲೇಯರನ್ನು ಲಕೋಟೆಗೆ ಹಾಕಿ, ಹೆಸರು ಬರೆದು, ಬೆಳಗಿನ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸೋರು. ನಾನು ಲೈಸೆನ್ಸು ಹಾಕಿ ಮಧ್ಯಾಹ್ನದ ಬಸ್ಸಿಗೆ ವಾಪಸ್ ಕಳಿಸುತ್ತಿದ್ದೆ. ಅಷ್ಟು ವರ್ಷದಲ್ಲಿ ಒಂದು ಲಕೋಟೆಯೂ ದಾರಿಯಲ್ಲಿ ಕಳೆದುಹೋಗಲಿಲ್ಲ.

ಕಂಪನಿ ಚೆನ್ನಾಗಿದ್ದ ದಿನಗಳಲ್ಲಿ ಅವರಿಗೊಂದು ಹುಮ್ಮಸ್ಸು ಬಂತು. ಆಯಾ ಊರಿನ ಹಾಡುಗಾರರನ್ನು ಏಜೆಂಟರೇ ರೆಕಾರ್ಡ್ ಮಾಡಿ ಕಳಿಸಿ, ನಮ್ಮ ಪಟ್ಟಿಗೆ ಸೇರಿಸುತ್ತೇವೆ ಅಂದರು. ನನಗೆ ತಕ್ಷಣ ನೆನಪಾದದ್ದು ನನ್ನ ಗಿರಾಕಿಯೊಬ್ಬರು, ಬೇಲೂರಿನ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದ ಟೀಚರ್. ಹಳೇಬೀಡಿನ ಪಕ್ಕದ ಹುಲಿಕೆರೆಯಿಂದ ದಿನಾ ಬಸ್ಸಿನಲ್ಲಿ ಓಡಾಡೋರು. ಮನೆಯಲ್ಲಿ ಅವರು, ಅವರ ತಾಯಿ. ತಾಯಿ ಸೋಬಾನೆ ಹಾಡುತ್ತಾರೆ, ಬೀಸುವ ಪದ ಹಾಡುತ್ತಾರೆ, ಹುಣ್ಣಿಮೆ ದಿನ ಬುದ್ಧನ ಫೋಟೋ ಮುಂದೆ ಕೂತು ತಾವೇ ಕಟ್ಟಿದ ಪದ ಹಾಡುತ್ತಾರೆ ಅಂತ ಯಾವಾಗಲೋ ಹೇಳಿದ್ದರು. ಕರೆದುಕೊಂಡು ಬನ್ನಿ ಅಂದೆ. ಎರಡು ಮಧ್ಯಾಹ್ನ ಬಂದರು.

ಷಟರ್ ಅರ್ಧ ಇಳಿಸಿದೆ. ಫ್ಯಾನಿನ ಸದ್ದು ಬರುತ್ತದೆ ಅಂತ ಫ್ಯಾನ್ ಆರಿಸಿದೆ. ಮೈಕಿಗೆ ಕರ್ಚೀಫು ಸುತ್ತಿದೆ. ಅವ್ವ ಬೆವರು ಒರೆಸಿಕೊಳ್ಳುತ್ತಾ, ಎಡಗೈಯಲ್ಲಿ ಟೇಬಲ್ ತಟ್ಟುತ್ತಾ ಹಾಡಿದರು. ತಟ್ಟಬೇಡಿ ಅಂತ ನಾನು ಸನ್ನೆ ಮಾಡುತ್ತಿದ್ದೆ. ರೆಕಾರ್ಡಿಂಗಿನವನ ಕಣ್ಣೆಲ್ಲ ಕ್ಯಾಸೆಟ್ ಡೆಕ್ಕಿನಲ್ಲಿ ದನಿಯ ಮಟ್ಟ ತೋರಿಸುವ ಮುಳ್ಳಿನ ಮೇಲೆ ಇರುತ್ತದೆ. ದನಿ ಜಾಸ್ತಿಯಾದರೆ ಮುಳ್ಳು ಕೆಂಪಿಗೆ ಹೋಗುತ್ತದೆ, ಕೆಂಪಿಗೆ ಹೋದರೆ ಹಾಡು ಒಡೆಯುತ್ತದೆ. ಅವ್ವನ ದನಿಯೋ, ಎರಡು ಹೊಲದ ಆಚೆಗೆ ಕೇಳುವಂಥದ್ದು. ನನಗೆ ಗುಂಡಿ ತಿರುಗಿಸುವುದೇ ಕೆಲಸವಾಯಿತು. ಕೊನೆಯ ಹಾಡು ಶುರು ಮಾಡುವ ಮುಂಚೆ, ಇದು ನಮ್ಮೂರ ಕೊಳದ ಮೆಟ್ಟಿಲು ಎಣಿಸಿಕೊಂಡು ಇಳಿಯೋ ಹಾಡು ಅಂದರು. ಚಿಕ್ಕವಳಿದ್ದಾಗ ದಡದ ಮೇಲೆ ನಿಂತು ಎಣಿಸಿದ್ದೆ ಕಣಪ್ಪ, ನಮ್ಮೋರನ್ನ ಕೆಳಕ್ಕೆ ಬಿಡ್ತಿರ್ಲಿಲ್ಲ, ಇಳಿದಿದ್ದು ಹಾಡಲ್ಲೇ ಅಂದರು. ನಾನು ಹೂಂಗುಟ್ಟಿದೆ, ರೆಕಾರ್ಡ್ ಒತ್ತಿದೆ, ಮುಳ್ಳು ನೋಡುತ್ತಾ ಕೂತೆ.

ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ ಹಾಕಿ, ಹನ್ನೊಂದು ಹಾಡನ್ನೂ ಕಂಪನಿಗೆ ಕಳಿಸಿದೆ. ಕಳಿಸಿದ ಮೇಲೆ ಕಂಪ್ಯೂಟರಿನಲ್ಲಿದ್ದ ಮೂಲವನ್ನು ಅಳಿಸಿದೆ, ಜಾಗ ಇರಲಿಲ್ಲ. ಕಂಪನಿಯವರು ಬೀಗ ಹಾಕಿ ಪಟ್ಟಿಗೆ ಸೇರಿಸಿದ ಮೇಲೆ ಅದೇ ಹಾಡುಗಳನ್ನು ಇಳಿಸಿಕೊಂಡು ಡಿ ಡ್ರೈವಿನಲ್ಲಿಟ್ಟೆ. ಕ್ಯಾಸೆಟ್ಟಿನ ಲೇಬಲ್ ಕಿತ್ತು ಬುಟ್ಟಿಗೆ ಎಸೆದೆ. ರೆಕಾರ್ಡಿಂಗ್ ಅಂಗಡಿಗಳಲ್ಲಿ ಅದು ರೂಢಿ. ಕೆಲಸ ಮುಗಿದ ಕ್ಯಾಸೆಟ್ಟು ಲೇಬಲ್ ಕಳಚಿ ಬುಟ್ಟಿಗೆ, ಮುಂದೆ ಯಾವತ್ತೋ ಅದರ ಮೇಲೇ ಇನ್ನೊಂದು. ಕಂಪನಿಯ ಏರಿಯಾ ಮ್ಯಾನೇಜರ್, ಸರ್ವರಿನಲ್ಲಿ ಕೂತದ್ದು ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ ಅಂದಿದ್ದ. ನಾನು ನಂಬಿದೆ. ನಂಬಿದ್ದಷ್ಟೇ ಅಲ್ಲ, ಅದೇ ಮಾತನ್ನು ಟೀಚರಿಗೂ ಹೇಳಿದೆ.

ಮಾರನೇ ವರ್ಷ ಅವ್ವನ ಗಂಟಲಿನಲ್ಲಿ ಗಂಟು ಕಾಣಿಸಿತು. ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಮಾತಾಡಿದರೆ ಬರೀ ಉಸಿರು, ಹತ್ತಿರ ಕೂತು ಕಿವಿ ಕೊಟ್ಟರೆ ಮಾತ್ರ ತಿಳಿಯುವಂಥ ಪಿಸುದನಿ. ಟೀಚರ್ ತಮ್ಮ ಪ್ಲೇಯರಿನಲ್ಲಿದ್ದ ಸಿನಿಮಾ ಹಾಡುಗಳನ್ನೆಲ್ಲ ತೆಗೆಸಿ, ಅವ್ವನ ಹನ್ನೊಂದು ಹಾಡು ಮಾತ್ರ ಹಾಕಿಸಿಕೊಂಡು ಹೋದರು. ಅವ್ವ ದಿನಾ ಊಟವಾದ ಮೇಲೆ ಇಯರ್‌ಫೋನ್ ಹಾಕಿಕೊಂಡು ಕೇಳೋರಂತೆ, ತುಟಿ ಆಡಿಸೋರಂತೆ. ಒಂದು ಸಲ ಲೈಸೆನ್ಸು ಹಾಕಿಸುವ ದಿನ ತಾವೇ ಮಗಳ ಜೊತೆ ಬಂದರು. ಪ್ಲೇಯರನ್ನು ನನ್ನ ಕೈಲಿಟ್ಟು, ಬಗ್ಗು ಅಂತ ಸನ್ನೆ ಮಾಡಿ, ನನ್ನ ಕಿವಿಯಲ್ಲಿ ಹೇಳಿದರು.

"ಅವಳನ್ನ ಇನ್ನೊಂದ್ ತಿಂಗಳು ಬದುಕ್ಸಪ್ಪ."

ತಮ್ಮ ದನಿಯನ್ನು ಅವರು ಅವಳು ಅನ್ನುತ್ತಿದ್ದರು. ನಾನು ನಕ್ಕುಬಿಟ್ಟೆ, ಅದಕ್ಕೇನಂತೆ ಅವ್ವ, ನಾನಿಲ್ವಾ ಅಂದೆ. ಎಂಥ ಬಾಯಿ ನನ್ನದು.

ಅದಾಗಿ ಒಂದೂವರೆ ವರ್ಷಕ್ಕೆ ಕಂಪನಿ ಕುಸಿಯತೊಡಗಿತು. ನಮಗೆ ಯಾರೂ ಹೇಳಲಿಲ್ಲ, ಗಿರಾಕಿಗಳ ಮುಖದಲ್ಲಿ ಗೊತ್ತಾಯಿತು. ಮೊದಲು ಪಟ್ಟಿಯಿಂದ ಹಾಡುಗಳು ಮಾಯವಾದವು. ಹೋದ ತಿಂಗಳು ಇದ್ದದ್ದು ಈ ತಿಂಗಳಿಲ್ಲ. ಆಮೇಲೆ ಲೈಸೆನ್ಸು ಒಂದೇ ಸಲಕ್ಕೆ ಬರದಾಯಿತು. ಹತ್ತು ಸಲ ಚುಚ್ಚಿದರೆ ಎರಡು ಸಲ ಬರುವುದು. ಕಸ್ಟಮರ್ ಕೇರಿಗೆ ಫೋನ್ ಮಾಡಿದರೆ ಅರ್ಧ ಗಂಟೆ ಸಂಗೀತ ಕೇಳಿಸಿ ಕಟ್ ಆಗುತ್ತಿತ್ತು. ಅಪ್ಪಿತಪ್ಪಿ ಒಬ್ಬಳು ಹುಡುಗಿ ಸಿಕ್ಕರೆ, ಎಲ್ಲಾ ಕಾಯಿಲೆಗೂ ಒಂದೇ ಮದ್ದು: ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕಿ ಸರ್. ಪಾಪ, ಅವಳ ಮುಂದಿದ್ದ ಪುಸ್ತಕದಲ್ಲಿ ಇದ್ದದ್ದೇ ಅಷ್ಟು. ಜನಕ್ಕೆ ಕಂಪನಿ ಎಲ್ಲಿದೆಯೋ ಗೊತ್ತಿಲ್ಲ, ನಾನು ಕಣ್ಣ ಮುಂದೆ ಇದ್ದೇನೆ. ಬೈಗುಳವೆಲ್ಲ ನನಗೆ. ಕಳ್ಳ ಅಂದರು, ಟೋಪಿ ಹಾಕಿದ ಅಂದರು. ತಲೆ ಕೆಟ್ಟು ಕೆರ ಹಿಡಿದುಹೋಗಿತ್ತು. ಮನೆಯಲ್ಲಿ ಹೆಂಡತಿಯ ಹತ್ತಿರವೂ ಸಿಡುಕುತ್ತಿದ್ದೆ.

ಎಲ್ಲರಿಗಿಂತ ಜೋರು ಅರಸೀಕೆರೆಯ ಕೊಬ್ಬರಿ ಮಂಡಿಯ ಸಾಹುಕಾರರು. ಮಠದ ಭಕ್ತರು, ಹಣೆ ತುಂಬ ವಿಭೂತಿ. ಮಂಡಿಯ ಬಾಗಿಲು ತೆಗೆದ ಕೂಡಲೇ ವಚನ ಹಾಕಿ, ಆಮೇಲೇ ಕೊಬ್ಬರಿ ಮುಟ್ಟೋರು. ಅವರ ಪ್ಲೇಯರ್ ಮೂಗಾದ ದಿನ ಕಂಡಕ್ಟರ್ ಕೈಯಲ್ಲಿ ಲಕೋಟೆ ಬರುವ ಬದಲು ಅವರದೇ ಫೋನ್ ಬಂತು. ಶಿವನ ಹೆಸರು ಕೇಳದೆ ವ್ಯಾಪಾರ ಶುರು ಮಾಡಿಸಿದ್ರಲ್ರೀ, ನಿಮಗೆ ಒಳ್ಳೇದಾಗ್ತೈತಾ ಅಂತ ಶುರುಮಾಡಿ, ಕಾಲು ಗಂಟೆ ನನ್ನ ವಂಶವನ್ನೆಲ್ಲ ವಿಚಾರಿಸಿಕೊಂಡರು. ಟೀಚರ್ ಮಾತ್ರ ಒಂದು ದಿನವೂ ದನಿ ಏರಿಸಲಿಲ್ಲ. ಲೈಸೆನ್ಸು ಬರದಿದ್ದರೆ ಬೆಂಚಿನ ಮೇಲೆ ಕೂತು ಮಕ್ಕಳ ನೋಟ್‌ಬುಕ್ ತಿದ್ದುತ್ತಾ ಕಾಯೋರು. ಬಸ್ಸಿನ ಹೊತ್ತಾದರೆ ನಾಳೆ ಬರ್ತೀನಿ ಅಣ್ಣ ಅಂತ ಎದ್ದು ಹೋಗೋರು. ಜೋರು ಮಾಡದ ಗಿರಾಕಿಯನ್ನು ನಾವು ಹೇಗೆ ನೋಡುತ್ತೇವೆ ಅನ್ನುವುದು ಅಂಗಡಿ ಇಟ್ಟವರಿಗೆ ಗೊತ್ತಿರುತ್ತದೆ.

ಒಂದು ತಿಂಗಳ ಮೊದಲ ವಾರ ಏರಿಯಾ ಮ್ಯಾನೇಜರ್ ತಾನಾಗೇ ಫೋನ್ ಮಾಡಿದ. ತಿಂಗಳ ಕೊನೆಗೆ ಸೇವೆ ನಿಲ್ಲುತ್ತದೆ, ಈ ತಿಂಗಳು ಗಿರಾಕಿಗಳ ಪ್ಲೇಯರಿಗೆ ಹೊಸ ಲೈಸೆನ್ಸು ಬರುವುದಿಲ್ಲ, ಏಜೆಂಟರ ಕಂಪ್ಯೂಟರಿನಲ್ಲಿರುವ ಲೈಸೆನ್ಸು ಮಾತ್ರ ತಿಂಗಳ ಕೊನೆಯವರೆಗೆ ನಡೆಯುತ್ತದೆ ಅಂದ. ಜನರಿಗೆ ಸದ್ಯಕ್ಕೆ ಹೇಳಬೇಡಿ, ಸರ್ವರ್ ತೊಂದರೆ ಅನ್ನಿ, ಹೊಸ ಚಂದಾ ಬಂದರೆ ತಗೊಳ್ಳಿ, ಮಿಕ್ಕಿದ್ದು ಮೇಲಿನವರು ನೋಡ್ಕೋತಾರೆ ಅಂದ. ನಾನು ಫೋನ್ ಇಟ್ಟು ಹೊರಗೆ ಬಂದು ನಿಂತೆ. ಎದುರುಗಡೆ ಅರಸೀಕೆರೆ ಬಸ್ಸು ಬಂದು ನಿಂತಿತು, ಕಂಡಕ್ಟರ್ ಮೂರು ಲಕೋಟೆ ತಂದು ಕೈಗಿಟ್ಟ. ಒಳಗಿದ್ದ ಮೂರು ಪ್ಲೇಯರೂ ಮೂಗಾಗಿದ್ದವು. ಸುಳ್ಳು ಹೇಳಿ ಈ ಲಕೋಟೆಗಳನ್ನು ವಾಪಸ್ ಕಳಿಸುವುದು ನನ್ನ ಕೈಲಾಗಲಿಲ್ಲ.

ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದು ಷಟರಿಗೆ ನೇತುಹಾಕಿದೆ. ಹಾಡಿನ ಸೇವೆ ತಿಂಗಳ ಕೊನೆಗೆ ನಿಲ್ಲುತ್ತದೆ, ಯಾರೂ ಹೊಸ ಚಂದಾ ಕಟ್ಟಬೇಡಿ, ನಿಮ್ಮ ಹಾಡಿನ ಚೀಟಿ ಕೊಡಿ, ಕ್ಯಾಸೆಟ್ಟಿಗೆ ಹಾಕಿಕೊಡುತ್ತೇನೆ ಅಂತ. ಬೀಗ ಹಾಕಿದ ಹಾಡನ್ನು ಬೇರೆ ಕಂಪ್ಯೂಟರಿಗೆ ಹಾಕಲು ಆಗದು. ಆದರೆ ನನ್ನ ಕಂಪ್ಯೂಟರಿನಲ್ಲಿ ಅದು ಹಾಡುತ್ತದಲ್ಲ, ಹಾಡುವಾಗ ಹೆಡ್‌ಫೋನ್ ತೂತಿನಿಂದ ವೈರ್ ಎಳೆದು ಡೆಕ್ಕಿಗೆ ಕೊಟ್ಟರೆ ಯಾವ ಬೀಗ ತಡೆಯುತ್ತದೆ? ನನ್ನ ಹಳೇ ವಿದ್ಯೆಗೆ ಮತ್ತೆ ಬಂದಿದ್ದೆ. ಅಂಗಡಿಯ ಅಟ್ಟದಿಂದ ಡೆಕ್ ಇಳಿಸಿ, ರೀಲು ತಾಗುವ ಹೆಡ್ಡಿಗೆ ಸ್ಪಿರಿಟ್ ಹಚ್ಚಿ ಒರೆಸಿದೆ. ಮುಳ್ಳು ಅಲ್ಲಾಡಿದಾಗ ಸಂತೋಷವಾಯಿತು, ಸುಳ್ಳೇಕೆ.

ಕೆಲಸ ನಿಧಾನ. ಅರವತ್ತು ನಿಮಿಷದ ಕ್ಯಾಸೆಟ್ಟಿಗೆ ಅರವತ್ತು ನಿಮಿಷವೇ ಬೇಕು. ಮೊದಲ ದಿನ ಒಂದು ಭಕ್ತಿಗೀತೆಯ ನಡುವೆ ಕಂಪ್ಯೂಟರ್ ಟಿಣ್ ಅಂತು, ಅದೂ ಕ್ಯಾಸೆಟ್ಟಿಗೆ ಹೋಯಿತು. ಅದರ ಎಲ್ಲಾ ಸದ್ದುಗಳನ್ನು ಹುಡುಕಿ ಹುಡುಕಿ ಆರಿಸಿದೆ. ಕರೆಂಟ್ ಹೋದರೆ ಕಂಪ್ಯೂಟರಿಗೆ ಯುಪಿಎಸ್ ಇತ್ತು, ಡೆಕ್ಕಿಗೆ ಇರಲಿಲ್ಲ. ಎಷ್ಟೋ ಕ್ಯಾಸೆಟ್ಟು ಮುಕ್ಕಾಲು ಮುಗಿದ ಮೇಲೆ ಮತ್ತೆ ಮೊದಲಿಂದ. ಒಂದು ವಾರಕ್ಕೆ ಖಾಲಿ ಕ್ಯಾಸೆಟ್ಟು ಮುಗಿದವು. ಹಾಸನಕ್ಕೆ ಹೋದರೆ ಹೋಲ್‌ಸೇಲಿನವನು ನನ್ನ ಮುಖ ನೋಡಿದ, ಈಗ ಯಾರು ಸ್ವಾಮಿ ಕ್ಯಾಸೆಟ್ ತರಿಸ್ತಾರೆ ಅಂದ. ವಾಪಸ್ ಬಂದು ಬುಟ್ಟಿಗೆ ಕೈ ಹಾಕಿದೆ. ಲೇಬಲ್ ಇಲ್ಲದ ಹಳೇ ಕ್ಯಾಸೆಟ್ಟುಗಳು, ಒಂದೊಂದನ್ನೂ ಅರ್ಧ ನಿಮಿಷ ಓಡಿಸಿ, ರೀಲು ಚೆನ್ನಾಗಿದೆಯೋ ನೋಡಿ, ಅದರ ಮೇಲೇ ತುಂಬಿಸಿದೆ. ಸಾಹುಕಾರರ ವಚನದ ಚೀಟಿ ಬಂದದ್ದು ಆಗಲೇ, ಅವರ ಕ್ಯಾಸೆಟ್ಟುಗಳನ್ನು ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ಹಾಕಿ ಮುಗಿಸಿ, ಲಕೋಟೆಗೆ ಹಾಕಿ ಬಸ್ಸಿಗೆ ಕೊಟ್ಟೆ. ಜೋರು ಮಾಡಿದವರದ್ದು ಮೊದಲು, ಮಿಕ್ಕವರದ್ದು ಆಮೇಲೆ, ಹಾಗೇ ನಡೆಯಿತು ಸಾಲು.

ಟೀಚರ್ ಚೀಟಿ ಕೊಡಲು ಬಂದದ್ದು ಎರಡನೇ ವಾರ. ಹನ್ನೊಂದು ಹಾಡಿನ ಮೊದಲ ಸಾಲುಗಳನ್ನು ನಂಬರ್ ಹಾಕಿ ಬರೆದಿದ್ದರು. ಅವ್ವನ ಪ್ಲೇಯರ್ ನಿಂತು ಆರು ದಿನ ಆಯ್ತು ಅಣ್ಣ, ದಿನಾ ಇಯರ್‌ಫೋನ್ ಹಾಕ್ಕೊಂಡು ಸುಮ್ನೆ ಕೂತಿರ್ತಾರೆ ಅಂದರು. ನಾನು ಆಗ ಯಾರದ್ದೋ ಕ್ಯಾಸೆಟ್ಟಿನ ಮಧ್ಯದಲ್ಲಿದ್ದೆ. ನಿಮ್ಮದು ನನ್ನ ಡಿ ಡ್ರೈವಿನಲ್ಲೇ ಭದ್ರವಾಗಿದೆ ಟೀಚರ್, ಅದೆಲ್ಲಿಗೆ ಹೋಗುತ್ತೆ, ಈ ಗಲಾಟೆಯವರದ್ದು ಮುಗಿಸಿ ನಿಧಾನವಾಗಿ ಚೆನ್ನಾಗಿ ಮಾಡಿಕೊಡ್ತೀನಿ ಅಂದೆ. ಆಗಲಿ ಅಣ್ಣ ಅಂದರು. ಚೀಟಿ ತೆಗೆದುಕೊಂಡು ರಾಶಿಯ ಅಡಿಗೆ ಇಟ್ಟೆ.

ತಿಂಗಳ ಕೊನೆಗೆ ಇನ್ನು ಐದು ದಿನ ಇತ್ತು. ಯಾರೋ ಮದುವೆ ಫೋಟೋ ಹಾಕಿಸಲು ತಂದ ಪೆನ್ ಡ್ರೈವಿನಿಂದ ವೈರಸ್ ಹೊಕ್ಕು ಕಂಪ್ಯೂಟರ್ ಏಳಲೊಲ್ಲದಾಯಿತು. ಒತ್ತಿದರೆ ಆರುತ್ತೆ, ಹತ್ತುತ್ತೆ, ಮತ್ತೆ ಆರುತ್ತೆ. ಮುಂದೆ ಆರು ಚೀಟಿ ಬಾಕಿ. ಇಂಥದ್ದಕ್ಕೆ ನಮ್ಮ ತಾಲ್ಲೂಕಿನಲ್ಲಿ ಕಂಪ್ಯೂಟರ್ ಮುಟ್ಟಿದ ಪ್ರತಿಯೊಬ್ಬನಿಗೂ ಒಂದೇ ಮಂತ್ರ ಗೊತ್ತಿತ್ತು: ಸಿ ಫಾರ್ಮ್ಯಾಟ್ ಮಾಡು, ಡಿ ಗೆ ಏನೂ ಆಗಲ್ಲ. ಮೂರು ತಿಂಗಳಿಗೊಮ್ಮೆ ಮಾಡುತ್ತಿದ್ದ ಕೆಲಸ. ಹಾಡು ಫೋಟೋ ಎಲ್ಲಾ ಡಿ ಯಲ್ಲಿ, ಸಿ ಯಲ್ಲಿ ಬರೀ ಕಂಪ್ಯೂಟರ್ ಓಡಿಸುವ ಸಾಮಾನು. ವಿಂಡೋಸ್ ಹಾಕುವ ಡಿಸ್ಕು ತೂರಿಸಿದೆ. ಅದು ಎಲ್ಲಾ ಅಳಿಸಿಹೋಗುತ್ತದೆ, ಸರಿಯೇ ಅಂತ ಕೇಳಿತು. ಸರಿ ಅಂತ ಒತ್ತಿ, ಟೀ ಕುಡಿಯಲು ಹೋದೆ.

ಟೀ ಕುಡಿದು ಬಂದು, ಎಲ್ಲಾ ಮತ್ತೆ ಹಾಕಿ, ಡಿ ತೆಗೆದು ನೋಡಿದೆ. ಹಾಡುಗಳೆಲ್ಲ ಇದ್ದವು. ಅವ್ವನ ಹನ್ನೊಂದೂ ಸಾಲಾಗಿ ಇದ್ದವು. ಒಂದನ್ನು ಒತ್ತಿದೆ. ಲೈಸೆನ್ಸು ತರಲಾಗುತ್ತಿದೆ ಅಂತ ಒಂದು ಸಣ್ಣ ಕಿಟಕಿ ತೆರೆಯಿತು. ಹಸಿರು ಪಟ್ಟಿ ಅರ್ಧ ಹೋಯಿತು, ನಿಂತಿತು. ಆಗ ತಲೆಗೆ ಬಂತು. ಹಾಡು ಡಿ ಯಲ್ಲಿ, ಬೀಗದ ಕೈ ಸಿ ಯಲ್ಲಿ. ನಾಲ್ಕು ವರ್ಷ ದಿನಾ ಅದೇ ಕೆಲಸ ಮಾಡಿದವನಿಗೆ ಅದು ಹೊಳೆದಿರಲಿಲ್ಲ. ಮುಂಚೆ ಎಷ್ಟೋ ಸಲ ಫಾರ್ಮ್ಯಾಟ್ ಮಾಡಿದ್ದೆ, ಆಗ ಸರ್ವರ್ ತಾನಾಗೇ ಹೊಸ ಬೀಗದ ಕೈ ಕೊಟ್ಟುಬಿಡುತ್ತಿತ್ತು, ನನ್ನ ಗಮನಕ್ಕೇ ಬಂದಿರಲಿಲ್ಲ.

ನೆಟ್ಟಿನ ತೊಂದರೆ ಇರಬಹುದು ಅಂತ ವೈರ್ ಬದಲಾಯಿಸಿದೆ. ಟೆಲಿಫೋನ್ ಎಕ್ಸ್‌ಚೇಂಜಿಗೆ ಹೋಗಿ ಲೈನ್ ನೋಡಿಸಿದೆ. ಲೈನ್ ಚೆನ್ನಾಗಿತ್ತು. ಆ ದಿನ, ಮಾರನೇ ದಿನ, ಐವತ್ತು ಸಲ ಒತ್ತಿರಬಹುದು.

ಮ್ಯಾನೇಜರ್ ನನ್ನ ಫೋನ್ ಎತ್ತಿದ್ದು ಮೂರನೇ ದಿನ. ಸರ್ವರಿನ ಬಾಡಿಗೆ ಮುಗಿದಿತ್ತು, ಹೋದ ಶುಕ್ರವಾರವೇ ಆರಿಸಿದರು ಅಂದ. ನೀವೇ ತಿಂಗಳ ಕೊನೆ ಅಂದಿದ್ರಲ್ಲ ಅಂದೆ. "ಇದ್ದ ಲೈಸೆನ್ಸು ತಿಂಗಳ ಕೊನೆವರೆಗೂ ಓಡ್ತಿತ್ತಲ್ಲ ಸಾರ್. ನಿಮಗೆ ಫಾರ್ಮ್ಯಾಟ್ ಮಾಡಿ ಅಂದೋರ್ಯಾರು?" ಅಂದ. ನಾನು ಕಳಿಸಿದ ಮೂಲ ಹಾಡುಗಳಾದರೂ ಕೊಡಿ ಅಂತ ಬೇಡಿಕೊಂಡೆ. ಆ ಡಿಸ್ಕುಗಳನ್ನು ಒರೆಸಿ ಬಾಡಿಗೆಯವರಿಗೆ ವಾಪಸ್ ಕೊಟ್ಟಾಯಿತು ಅಂದ. ಅವನ ದನಿಯೂ ಸೋತಿತ್ತು, ಅವನಿಗೂ ಕೆಲಸ ಹೋಗಿತ್ತು ಅಂತ ಆಮೇಲೆ ತಿಳಿಯಿತು. ಆವತ್ತು ಫೋನಿನಲ್ಲಿ ಮಾತ್ರ ಬಾಯಿಗೆ ಬಂದ ಹಾಗೆ ಬೈದೆ.

ಉಳಿದದ್ದು ಬುಟ್ಟಿ. ಅವ್ವನನ್ನು ರೆಕಾರ್ಡ್ ಮಾಡಿದ ಕ್ಯಾಸೆಟ್ಟು ಅದರಲ್ಲಿ ಇದ್ದರೂ ಇರಬಹುದು ಅಂತ ಜೀವ ಹಿಡಿದುಕೊಂಡು ಕೂತೆ. ಮೂರು ಮಧ್ಯಾಹ್ನ ಷಟರ್ ಇಳಿಸಿ, ಉಳಿದಿದ್ದ ಪ್ರತಿಯೊಂದನ್ನೂ ಎರಡೂ ಬದಿ ಕೇಳಿದೆ. ಸಿಗಲಿಲ್ಲ. ಎಂದೋ ಯಾವುದೋ ಮದುವೆ ಹಾಡಿನ ಕೆಳಗೆ ಹೋಗಿರಬೇಕು ಅಂದುಕೊಂಡೆ.

ಟೀಚರಿಗೆ ಹೇಳಿದ್ದು ಸ್ಕೂಲು ಬಿಟ್ಟು ಬಸ್ಸಿಗೆ ಹೋಗುವ ಹೊತ್ತಿನಲ್ಲಿ, ಅಂಗಡಿಯ ಬೆಂಚಿನ ಮೇಲೆ. ಕಂಪ್ಯೂಟರ್ ತೆಗೆದು ಹನ್ನೊಂದು ಹೆಸರನ್ನೂ ತೋರಿಸಿದೆ, ಒತ್ತಿದರೆ ಬರುವ ಕಿಟಕಿಯನ್ನೂ ತೋರಿಸಿದೆ. ಸಿ, ಡಿ, ಫಾರ್ಮ್ಯಾಟು ಎಲ್ಲಾ ವಿವರಿಸಿದೆ. ನಿಮ್ಮ ಚೀಟಿಯನ್ನು ಅಡಿಗೆ ಇಟ್ಟಿದ್ದೆ ಅನ್ನುವುದನ್ನೂ ಹೇಳಿದೆ. ಅವರು ಬೈಯುತ್ತಾರೆ ಅಂತ ಕಾದೆ. ಬೈದಿದ್ದರೆ ಎಷ್ಟೋ ವಾಸಿ ಇತ್ತು. ಆ ಹೆಸರುಗಳನ್ನು ಒಂದೊಂದಾಗಿ ಓದಿಕೊಂಡರು.

"ಪದ ಅವ್ವ ಕಿವೀಲಿ ಹೇಳ್ತಾರೆ, ಬರ್ಕೋಬಹುದು ಅಣ್ಣ. ರಾಗ ಹೆಂಗೆ ಬರ್ಕೊಳ್ಲಿ? ಅವ್ವ ಹಾಡೋವಾಗೆಲ್ಲ ನಾನು ನೋಟ್‌ಬುಕ್ ತಿದ್ದುತಾ ಕೂತಿರ್ತಿದ್ದೆ. ಒಂದಿನಾನೂ ಸರಿಯಾಗಿ ಕೇಳ್ಲಿಲ್ಲ."

ಅವ್ವನಿಗೆ ನಾನೇ ಬಂದು ಹೇಳುತ್ತೇನೆ ಅಂದೆ. ಬೇಡ, ಪ್ಲೇಯರ್ ರಿಪೇರಿಗೆ ಕೊಟ್ಟಿದೀನಿ ಅಂದಿದೀನಿ, ಹಾಗೇ ಇರಲಿ ಅಂದರು. ಚೀಟಿಯನ್ನು ಕೇಳಿ ತೆಗೆದುಕೊಂಡು, ನಾಲ್ಕಾಗಿ ಮಡಿಸಿ ಪರ್ಸಿನಲ್ಲಿಟ್ಟುಕೊಂಡು ಬಸ್ಸಿಗೆ ಹೋದರು. ನಾನು ಅವತ್ತು ಅತ್ತೆ. ಅಂಗಡಿಯಲ್ಲಿ ಕೂತು ಅತ್ತದ್ದು ಅದೊಂದೇ ಸಲ.

ಮೂರು ವಾರ ಕಳೆದಿರಬೇಕು. ಅರಸೀಕೆರೆ ಬಸ್ಸಿನಿಂದ ಸಾಹುಕಾರರು ತಾವೇ ಇಳಿದು ಬಂದರು. ಹೆಗಲ ಮೇಲೆ ಟವಲ್ಲು, ಕೈಯಲ್ಲಿ ಕ್ಯಾಸೆಟ್ಟು, ಮುಖ ಗಂಟು. ವಚನ ಎಲ್ಲಾ ಸರಿಯಾಗೈತೆ, ಆದರೆ ಎರಡನೇ ಬದಿಯಲ್ಲಿ ವಚನ ಮುಗಿದ ಮೇಲೆ ಯಾರೋ ಹೆಂಗಸು ಮಾತಾಡ್ತಾಳೆ, ಜೊತೇಗೆ ಯಾವನೋ ಗದರ್ತಾನೆ, ಮಂಡೀಲಿ ದಿನಾ ನಗೆಪಾಟಲು, ಅಷ್ಟನ್ನ ಅಳಿಸಿಕೊಡಿ ಅಂದರು.

ಕ್ಯಾಸೆಟ್ಟನ್ನು ಡೆಕ್ಕಿಗೆ ಹಾಕಿ, ಎರಡನೇ ಬದಿಯ ಕೊನೆಗೆ ಓಡಿಸಿದೆ. ಕೊನೆಯ ವಚನ ಮುಗಿಯಿತು. ಟಕ್ ಅಂತು. ಆಮೇಲೆ ಒಂದು ಹಾಡಿನ ತೀರಾ ಕೊನೆಯ ಎಳೆತ ಬಂತು. ಪದ ಮುಗಿದು ದನಿ ಮಾತ್ರ ಉಳಿದಿರುತ್ತದಲ್ಲ, ಅಷ್ಟು. ಟೇಬಲ್ ಮೇಲೆ ಎರಡು ತಟ್ಟು. ಒಂದು ನಗು. "ಹೆಂಗಿತ್ತಪ್ಪಾ? ಚೆಂದಾಗ್ ಬಂತಾ?" ಅವ್ವನ ದನಿ, ತುಂಬಿದ ದನಿ. ಅದರ ಹಿಂದೆಯೇ ನನ್ನದು, ಸಿಡುಕು ಹಿಡಿದದ್ದು. "ಲೆವೆಲ್ ಜಾಸ್ತಿ ಆಯ್ತು ಅವ್ವ. ಟೇಬಲ್ ತಟ್ಟಬೇಡಿ ಅಂದಿದ್ನಲ್ಲ." ಟಕ್. ಮುಂದೆ ಬರೀ ಗಾಳಿ.

ಆ ಕ್ಯಾಸೆಟ್ಟು ಬುಟ್ಟಿಯಲ್ಲೇ ಇತ್ತು. ಮೈಕ್ ಸರಿಮಾಡುತ್ತಾ ಮೊದಲ ಒಂದು ನಿಮಿಷ ಖಾಲಿ ಓಡಿಸಿದ್ದೆ, ಹಾಗಾಗಿ ಅರ್ಧ ನಿಮಿಷ ಕೇಳಿ ನೋಡಿದಾಗ ಏನೂ ಸಿಗಲಿಲ್ಲ. ಡಿ ಡ್ರೈವಿನ ಹಾಡುಗಳು ಇನ್ನೂ ಹಾಡುತ್ತಿದ್ದ ವಾರದಲ್ಲಿ, ಎಲ್ಲರ ಹಾಡು ಉಳಿಸುತ್ತೇನೆ ಅಂತ ಹೊರಟ ನಾನು, ಅವ್ವನ ಮೇಲೆ ಸಾಹುಕಾರರ ವಚನ ತುಂಬಿಸಿದ್ದೆ. ವಚನ ಒಂದು ನಿಮಿಷ ಕಡಿಮೆ ಬಿದ್ದದ್ದರಿಂದ ಇಷ್ಟು ಉಳಿದಿತ್ತು.

ಸಾಹುಕಾರರು ನನ್ನ ಮುಖ ನೋಡಿ ಬೆಂಚಿನ ಮೇಲೆ ಕೂತರು. ಎಲ್ಲಾ ಹೇಳಿದೆ. ಅಷ್ಟು ಜೋರಿನ ಮನುಷ್ಯ ಟವಲಿನಿಂದ ಮುಖ ಒರೆಸಿಕೊಂಡು, "ಆಯಮ್ಮನ್ನ ಮುಚ್ಚಿ ನಮ್ದು ಹಾಕ್ಬಿಟ್ರಲ್ರೀ" ಅಂದರು. ಅದೇನು ಬೈಗುಳವೋ ಸಂಕಟವೋ ನನಗೆ ತಿಳಿಯಲಿಲ್ಲ. ಕ್ಯಾಸೆಟ್ಟನ್ನು ವಾಪಸ್ ಮುಟ್ಟಲಿಲ್ಲ. ಇದು ನಂದಲ್ಲ, ತಗಂಡೋಗಿ ಕೊಡಿ ಅಂತ ಹೇಳಿ ಮುಂದಿನ ಬಸ್ಸಿಗೆ ಹೊರಟುಹೋದರು.

ಭಾನುವಾರ ಟೇಪ್ ರೆಕಾರ್ಡರ್ ಚೀಲದಲ್ಲಿಟ್ಟುಕೊಂಡು ಹುಲಿಕೆರೆಗೆ ಹೋದೆ. ಕೊಳದ ಪಕ್ಕದಲ್ಲೇ ಹಾದುಹೋಗಬೇಕು, ಆ ಕಡೆ ತಿರುಗಿಯೂ ನೋಡಲಿಲ್ಲ. ಬಾಗಿಲಲ್ಲಿ ಟೀಚರ್ ಇದ್ದರು. ಏನು ತಂದಿದ್ದೇನೆ ಅಂತ ಮೆಲ್ಲಗೆ ಹೇಳಿದೆ. ಅವರು, ಇದನ್ನು ಕೇಳಿಸಬೇಕಾದರೆ ಮಿಕ್ಕಿದ್ದನ್ನೂ ಹೇಳಬೇಕಾಗುತ್ತೆ, ಹೇಳಿ, ನೀವೇ ಹೇಳಿ ಅಂದರು.

ಅವ್ವ ಗೋಡೆಗೆ ಒರಗಿ ಕೂತು ಹುರುಳಿ ಆರಿಸುತ್ತಿದ್ದರು. ಕುತ್ತಿಗೆಯಲ್ಲಿ ಗಾಯದ ಗೆರೆ. ನಾನು ನೆಲದ ಮೇಲೆ ಕೂತು ಹೇಳಿದೆ. ಹಾಡು ಹೋಯಿತು ಅವ್ವ, ನನ್ನ ಕೈಯಿಂದ ಹೋಯಿತು, ಉಳಿದದ್ದು ಇಷ್ಟೇ ಅಂದೆ. ಅವರು ಮೊರ ಪಕ್ಕಕ್ಕಿಟ್ಟು, ಹಾಕು ಅಂತ ಕೈ ಮಾಡಿದರು. ಹಾಕಿದೆ. ಎಳೆತ, ಎರಡು ತಟ್ಟು, ನಗು, ಮಾತು. ನನ್ನ ದನಿ. ಟಕ್.

ಇನ್ನೊಂದು ಸಲ ಅಂದರು. ಹಾಕಿದೆ. ಮೂರನೇ ಸಲ ತಾವೇ ಯಂತ್ರವನ್ನು ಹತ್ತಿರ ಎಳೆದುಕೊಂಡರು. ಯಾವ ಗುಂಡಿ ಯಾವುದಕ್ಕೆ ಅಂತ ನನ್ನ ಕೈ ನೋಡಿಯೇ ತಿಳಿದುಕೊಂಡಿದ್ದರು. "ಹೆಂಗಿತ್ತಪ್ಪಾ? ಚೆಂದಾಗ್ ಬಂತಾ?" ಅಂದ ಕೂಡಲೇ, ನನ್ನ ದನಿ ಬರುವ ಮುಂಚೆ, ಬೆರಳಿಟ್ಟು ನಿಲ್ಲಿಸಿದರು. ನನ್ನ ಮುಖ ನೋಡುತ್ತಾ ಕೂತರು. ಆ ಪ್ರಶ್ನೆಗೆ ಅವರಿಗೆ ಇನ್ನೂ ಉತ್ತರ ಬಂದಿರಲಿಲ್ಲ.

ಚೆಂದಾಗಿತ್ತು ಅನ್ನುವುದು ಎಷ್ಟು ಹೊತ್ತಿನ ಕೆಲಸ. ನಾಲಿಗೆಯ ತುದಿಗೆ ಬಂದಿತ್ತು. ಆದರೆ ಮೆಟ್ಟಿಲು ಎಣಿಸುವ ಆ ಹಾಡಿನಲ್ಲಿ ನನಗೆ ನೆನಪಿದ್ದದ್ದು ಕೆಂಪಿಗೆ ಹೋದ ಮುಳ್ಳು ಒಂದೇ. ಒಂದು ಸಾಲೂ ಇಲ್ಲ, ರಾಗದ ಒಂದು ತಿರುವೂ ಇಲ್ಲ.

"ನಾನು ಹಾಡು ಕೇಳಿಸ್ಕೊಳ್ಲಿಲ್ಲ ಅವ್ವ," ಅಂದೆ. "ಮುಳ್ಳು ನೋಡ್ತಾ ಇದ್ದೆ."

ಅವ್ವ ಟೇಪಿನ ಮೇಲಿಂದ ಕೈ ತೆಗೆದರು. ಬಾಗಿಲ ಹತ್ತಿರ ನಿಂತಿದ್ದ ಮಗಳ ಕಡೆ ತಿರುಗಿದರು. ಅಷ್ಟು ದೂರಕ್ಕೆ ಆ ಪಿಸುದನಿ ತಲುಪುವುದಿಲ್ಲ. ಟೀಚರ್ ಬಂದು ಬಗ್ಗಿ ಕಿವಿ ಕೊಟ್ಟರು. ನಾನು ಪಕ್ಕದಲ್ಲೇ ಇದ್ದದ್ದರಿಂದ ನನಗೂ ಕೇಳಿಸಿತು.

"ಇವನೂ ಕೇಳ್ಲಿಲ್ವಂತೆ ಕಣೆ."